ಅಪ್‌ಡೇಟ್: ಆರತಕ್ಷತೆಯ ಸಿಹಿ ಮೇಜು

ತಂಗಿಯ ಆರತಕ್ಷತೆಯಲ್ಲಿ ಸುಮಾರು 300 ಅತಿಥಿಗಳಿಗೆ ಸಿಹಿತಿನಿಸುಗಳದ್ದೇ ಪ್ರತ್ಯೇಕ ಮೇಜನ್ನು ಅಣಿಗೊಳಿಸುವುದು ಹೇಗೆಂದು ಇಲ್ಲಿ ಕೇಳಿದ್ದೆ. ಬಗೆಗಳನ್ನು ತಗ್ಗಿಸಿ, ಬಡಿಸಲು ಜನರನ್ನು ನಿಲ್ಲಿಸಿ ಎಂದು ಹಲವರು ಸಲಹೆ ನೀಡಿದ್ದಿರಿ. ಕಳೆದ ಭಾನುವಾರ ಸಂಜೆ ಚಿಕ್ಕಮಗಳೂರಿನಲ್ಲಿ ಸಮಾರಂಭ ನೆರವೇರಿತು.

ಮೊದಲು ಯೋಚಿಸಿದ್ದ 12 ಬಗೆಗಳನ್ನು 5ಕ್ಕೆ ಇಳಿಸಿದೆವು: ಕಾಯಿ ಹೋಳಿಗೆ, ಚಿರೋಟಿ, ಮೈಸೂರು ಪಾಕ್, ಗಸಗಸೆ ಪಾಯಸ ಮತ್ತು ಮಕ್ಕಳಿಗಾಗಿ ಪುಟ್ಟ ಕಪ್‌ಕೇಕ್. ಮೈಸೂರು ಪಾಕನ್ನು 2 ದಿನ ಮೊದಲೇ ಮಾಡಿಸಿಟ್ಟಿದ್ದರಿಂದ ಅದರ ಚಿಂತೆಯಿರಲಿಲ್ಲ.

ಕಷ್ಟ ಕೊಟ್ಟದ್ದು ಚಿರೋಟಿ. ಅಡುಗೆಯವರು ಮೊದಲ ಸುತ್ತಿನಲ್ಲಿ ಬಟ್ಟಲುಗಳಿಗೆ ಬಾದಾಮಿ ಹಾಲನ್ನು ಮುಂಚಿತವಾಗಿಯೇ ಸುರಿದಿಟ್ಟಿದ್ದರಿಂದ, ಅತಿಥಿಗಳು ಬರುವ ಹೊತ್ತಿಗೆ ಅದರ ಪದರಗಳೆಲ್ಲ ನೆನೆದು ಮುದ್ದೆಯಾಗಿದ್ದವು. ನನಗೆ ನಿಜಕ್ಕೂ ಬೇಸರವಾಯಿತು. ಬಳಿಕ ಚಿರೋಟಿಯನ್ನು ಒಣದಾಗಿಯೇ ಇರಿಸಿ, ಅತಿಥಿಯು ತಟ್ಟೆ ಹಿಡಿದಾಗಲಷ್ಟೇ ಸಕ್ಕರೆ ಪುಡಿ ಉದುರಿಸಿ ಬಿಸಿ ಹಾಲೆರೆಯಲು ಒಬ್ಬರನ್ನು ನಿಲ್ಲಿಸಿದೆವು. ಚಳಿಗೆ ಹೋಳಿಗೆಯ ಮೇಲಿನ ತುಪ್ಪ ಹೆಪ್ಪುಗಟ್ಟತೊಡಗಿದ್ದರಿಂದ, ಕಾವಲಿಯನ್ನು ಮೇಜಿನ ಪಕ್ಕಕ್ಕೇ ತಂದು ಬಿಸಿಮಾಡಿಸಿ ಕೊಟ್ಟೆವು. ಹಿರಿಯರು ಅಲ್ಲಿಂದ ಕದಲಲೇ ಇಲ್ಲ.

ಮೇಜಿನ ಕೊನೆಯಲ್ಲಿ ಫಿಲ್ಟರ್ ಕಾಫಿಯನ್ನೂ ಇರಿಸಿದ್ದೆವು, ಕಾಫಿಯ ನಾಡಿನಲ್ಲಿ ಅದಿಲ್ಲದಿದ್ದರೆ ಕೊರತೆಯೆನಿಸುತ್ತಿತ್ತು. ಉಳಿದದ್ದು ಕಪ್‌ಕೇಕ್ ಮಾತ್ರ. ಸಲಹೆ ನೀಡಿದ ಎಲ್ಲರಿಗೂ ನಮ್ಮ ಕುಟುಂಬದ ಹೃತ್ಪೂರ್ವಕ ಕೃತಜ್ಞತೆಗಳು.