ಎಕ್ಸ್-ರೇ ಸ್ಪೆಕ್ಸ್ ತಂಡ ಮೂರೇ ವರ್ಷಕ್ಕೆ ಚದುರಿಹೋದದ್ದೇಕೆ?

ಪ್ರಶ್ನೆ:
ಲಂಡನ್ನಿನ ಪಂಕ್ (ಒರಟು, ಬಂಡಾಯದ ರಾಕ್ ಸಂಗೀತ) ತಂಡವಾದ ಎಕ್ಸ್-ರೇ ಸ್ಪೆಕ್ಸ್‌ನ ಹಾಡುಗಳನ್ನು ಈಚೆಗೆ ಒಂದೊಂದಾಗಿ ಕೇಳುತ್ತಿದ್ದೇನೆ. 1976ರಲ್ಲಿ ಹುಟ್ಟಿದ ಈ ತಂಡ 1978ರ ನವೆಂಬರಿನಲ್ಲಿ 'ಜರ್ಮ್‌ಫ್ರೀ ಅಡಾಲಸೆಂಟ್ಸ್' ಆಲ್ಬಂ ಹೊರತಂದಿತು. ಅದೇ ಹೆಸರಿನ ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ 19ನೆಯ ಸ್ಥಾನಕ್ಕೇರಿತು. ಮರುವರ್ಷವೇ ತಂಡ ಇಲ್ಲವಾಯಿತು. ಒಳಜಗಳವೇ ಕಾರಣವೇ, ಬೇರೇನಾದರೂ ಇತ್ತೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1:
ನನ್ನ ಮಟ್ಟಿಗೆ ಮೊದಲ ಬಿರುಕು 1977ರಲ್ಲಿಯೇ ಬಿಟ್ಟಿತ್ತು. ಗಾಯಕಿ ಪಾಲಿ ಸ್ಟೈರೀನ್ 1976ರಲ್ಲಿ ತನ್ನ 19ನೆಯ ಹುಟ್ಟುಹಬ್ಬದಂದು ಹೇಸ್ಟಿಂಗ್ಸ್‌ ಊರಿನಲ್ಲಿ ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ತಂಡದ ಕಾರ್ಯಕ್ರಮ ನೋಡಿ ಬಂದು, ಜೊತೆಗಾರರು ಬೇಕೆಂದು ಸಂಗೀತ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಹಾಗೆ ಬಂದು ಸೇರಿದವರಲ್ಲಿ ಇನ್ನೂ ಶಾಲೆಗೆ ಹೋಗುತ್ತಿದ್ದ ಲೋರಾ ಲಾಜಿಕ್ ಒಬ್ಬರು. 'ಓ ಬಾಂಡೇಜ್ ಅಪ್ ಯುವರ್ಸ್!' ಹಾಡನ್ನು ಗಮನವಿಟ್ಟು ಕೇಳಿ: ಹೆಣ್ಣುಮಕ್ಕಳು ಕಣ್ಣಿಗೆ ಕಂಡರೆ ಸಾಕು, ದನಿ ಕೇಳಿಸಬಾರದು ಎಂಬ ಹಳೆಯ ಉಪದೇಶವನ್ನು ಪಾಲಿ ಮೆಲ್ಲನೆಯ ದನಿಯಲ್ಲಿ ನೆನೆಯುತ್ತಾರೆ, ಮರುಕ್ಷಣವೇ ಕಿರುಚುತ್ತಾರೆ, ಹಿಂದೆಯೇ ಲೋರಾರ ಸ್ಯಾಕ್ಸೋಫೋನ್ ನುಗ್ಗಿಬರುತ್ತದೆ. ಆ ಹಾಡಾದ ಸ್ವಲ್ಪ ಕಾಲದಲ್ಲಿಯೇ ಲೋರಾ ತಂಡದಿಂದ ಹೊರಬಿದ್ದರು. ಆಲ್ಬಂನಲ್ಲಿ ಸ್ಯಾಕ್ಸೋಫೋನ್ ನುಡಿಸಿದವರು ರೂಡಿ ಥಾಂಪ್ಸನ್. ಆ ನಷ್ಟ ತುಂಬಲಿಲ್ಲ ಎಂಬುದೇ ನನ್ನ ಅನಿಸಿಕೆ.

ಉತ್ತರ 2:
ಮೇಲೆ ಬರೆದವರ ಮಾತನ್ನು ಪೂರ್ತಿಯಾಗಿ ಒಪ್ಪಲಾರೆ. ಲೋರಾ ಹೋದ ಮೇಲೆಯೇ ಅಲ್ಲವೇ 1978ರಲ್ಲಿ ಮೂರು ಹಾಡುಗಳು 23, 24 ಮತ್ತು 19ನೆಯ ಸ್ಥಾನ ಕಂಡದ್ದು? ತಂಡವನ್ನು ಒಡೆದದ್ದು ಆ ಖ್ಯಾತಿಯೇ. ಸೊಮಾಲಿ ತಂದೆಯ ಮಗಳಾದ, ಹಲ್ಲಿಗೆ ತಂತಿ ಹಾಕಿಕೊಂಡೇ ವೇದಿಕೆಯೇರುತ್ತಿದ್ದ ಆ ಹುಡುಗಿ ಪಾಲಿ, ಬಳಸಿ ಬಿಸಾಡುವ 'ಪಾಲಿಸ್ಟೈರೀನ್' ಪ್ಲಾಸ್ಟಿಕ್ಕಿನ ಹೆಸರನ್ನು ಬೇಕೆಂದೇ ಇಟ್ಟುಕೊಂಡಿದ್ದರು. ಜನರನ್ನೂ ಸರಕಾಗಿಸುವ ಮಾರುಕಟ್ಟೆಯ ಮೇಲೆಯೇ ಅವರ ಹಾಡುಗಳಿದ್ದವು. ಕೊನೆಗೆ ಪ್ರವಾಸ, ಸಂದರ್ಶನ, ಟೀವಿ ಎಂದು ಬಿಡುವಿಲ್ಲದೆ ಓಡಾಡುತ್ತ ತಾವೇ ಅಂಥ ಸರಕಾಗುತ್ತಿರುವುದು ಅವರಿಗೆ ಸಹಿಸಲಾಗಲಿಲ್ಲ. ಡಾಂಕಾಸ್ಟರ್‌ನ ಕಾರ್ಯಕ್ರಮದ ನಂತರ ಆಕಾಶದಲ್ಲಿ ಗುಲಾಬಿ ಬೆಳಕು ಕಂಡಿತೆಂದು ಅವರು ಹೇಳಿದಾಗ, ವೈದ್ಯರು ಅದನ್ನು ಸ್ಕಿಜೋಫ್ರೇನಿಯಾ ಎಂಬ ಮನೋರೋಗವೆಂದು ತಪ್ಪಾಗಿ ಗುರುತಿಸಿದರು. ಅದು ಬೈಪೋಲಾರ್, ಅಂದರೆ ಮನಸ್ಸು ಅತಿ ಉತ್ಸಾಹ ಮತ್ತು ಅತಿ ಖಿನ್ನತೆಗಳ ನಡುವೆ ಓಲಾಡುವ ಕಾಯಿಲೆಯೆಂದು ಗೊತ್ತಾಗಲು ಎಷ್ಟೋ ವರ್ಷಗಳು ಬೇಕಾದವು. ಇಪ್ಪತ್ತೊಂದರ ಆಸುಪಾಸಿನ ಹೆಣ್ಣುಮಗಳೊಬ್ಬಳಿಗೆ ಆಗ ಬೇಕಾಗಿದ್ದದ್ದು ವಿಶ್ರಾಂತಿ, ಇನ್ನೊಂದು ಪ್ರವಾಸವಲ್ಲ. 1979ರಲ್ಲಿ ಅವರು ತಂಡ ಬಿಟ್ಟರು. ಹಾಡು ಬರೆಯುವವರೂ ಹಾಡುವವರೂ ಅವರೇ ಆಗಿದ್ದರಿಂದ ತಂಡ ಉಳಿಯುವ ಮಾತೇ ಇರಲಿಲ್ಲ.

ಪ್ರಶ್ನೆ ಕೇಳಿದವರು:
ವಿವರವಾಗಿ ಬರೆದದ್ದಕ್ಕೆ ಇಬ್ಬರಿಗೂ ಧನ್ಯವಾದಗಳು. ಬೈಪೋಲಾರ್ ವಿಚಾರ ನನಗೆ ತಿಳಿದಿರಲಿಲ್ಲ. ಇನ್ನು ಆ ಹಾಡುಗಳನ್ನು ಬೇರೆ ಕಿವಿಯಿಂದಲೇ ಕೇಳುತ್ತೇನೆ. ಮುಂದೆ ಅವರೆಲ್ಲ ಏನಾದರು?

ಉತ್ತರ 3:
ಗಿಟಾರಿನ ಜ್ಯಾಕ್ ಏರ್‌ಪೋರ್ಟ್ ಮತ್ತು ಡ್ರಮ್ಸ್‌ನ ಬಿ. ಪಿ. ಹರ್ಡಿಂಗ್ 'ಕ್ಲಾಸಿಕ್ಸ್ ನೂವೋ' ತಂಡ ಕಟ್ಟುವುದರಲ್ಲಿ ಕೈಜೋಡಿಸಿದರು. ಪಾಲಿ 1980ರಲ್ಲಿ 'ಟ್ರಾನ್ಸ್‌ಲೂಸೆನ್ಸ್' ಎಂಬ, ಕೂಗಾಟವೇ ಇಲ್ಲದ ಆಲ್ಬಂ ತಂದರು. ಅದನ್ನು ತಪ್ಪದೆ ಕೇಳಿ. ಆಮೇಲೆ ಅವರು ಹರೇ ಕೃಷ್ಣ ಪಂಥ ಸೇರಿದರು. ಲೋರಾ ಕೂಡ ಅದೇ ದಾರಿ ಹಿಡಿದಿದ್ದರು. 2011ರಲ್ಲಿ ಪಾಲಿ ತೀರಿಕೊಂಡರು. ಅದಕ್ಕೂ ಮೊದಲು, 1995ರಲ್ಲಿ, ತಂಡದ ಹೆಸರಿನಲ್ಲಿಯೇ ಎರಡನೆಯ ಆಲ್ಬಂ ಬಂದಿತ್ತು. ಮೊದಲ ಉತ್ತರ ಬರೆದವರಿಗೆ ಸಂತೋಷವಾಗಬಹುದು: ಅದರಲ್ಲಿ ಸ್ಯಾಕ್ಸೋಫೋನ್ ನುಡಿಸಿದವರು ಲೋರಾ ಅವರೇ.