ಬೇಸಿಗೆ ಸ್ಕೌಟ್ ಶಿಬಿರ: ರಾತ್ರಿ ಮಳೆಗೆ ಟೆಂಟ್ ಗೂಟ ಕಿತ್ತು ಬರುತ್ತಿದೆ

ಪ್ರಶ್ನೆ: ಮೇ ತಿಂಗಳಲ್ಲಿ 5 ದಿನದ ಶಿಬಿರ. ಹತ್ತಿ ಬಟ್ಟೆಯ ಟೆಂಟು, ನಾರಿನ ಹಗ್ಗ. ಸಂಜೆ ಚೆನ್ನಾಗಿ ಬಿಗಿದರೂ ಮಳೆ ಬಿದ್ದರೆ ಗೂಟ ನಿಲ್ಲುವುದಿಲ್ಲ. ಏನು ಮಾಡಬೇಕು?

ಉತ್ತರ: ಆ ಬಿಗಿಯೇ ಕಾರಣ ಸರ್. ನಾರಿನ ಹಗ್ಗ ನೆನೆದರೆ ಕುಗ್ಗಿ ಗೂಟವನ್ನು ಎಳೆಯುತ್ತದೆ. ಮಲಗುವ ಮುನ್ನ ಪ್ರತಿ ಹಗ್ಗವನ್ನೂ ತುಸು ಸಡಿಲಿಸಿ, ಬೆಳಿಗ್ಗೆ ಒಣಗಿದ ಮೇಲೆ ಮತ್ತೆ ಬಿಗಿಯಿರಿ. ಗೂಟದ ತಲೆ ಟೆಂಟಿನಿಂದ ಹೊರಕ್ಕೆ ವಾಲಿರಲಿ, ಮುಕ್ಕಾಲು ಭಾಗ ನೆಲದೊಳಗೆ ಇಳಿಯಲಿ. ನೇರವಾಗಿ ಹೊಡೆದ ಗೂಟ ಹಸಿ ಮಣ್ಣಲ್ಲಿ ಸಲೀಸಾಗಿ ಜಾರುತ್ತದೆ.

ಇನ್ನೊಬ್ಬರು: ನೆನೆದ ಬಟ್ಟೆಗೆ ಒಳಗಿನಿಂದ ಕೈ, ಚೀಲ ತಾಗಿಸಬಾರದು, ತಾಗಿದ ಕಡೆಯೇ ನೀರು ಜಿನುಗುತ್ತದೆ. ಮಕ್ಕಳಿಗೆ ಮೊದಲ ದಿನವೇ ಹೇಳಿಬಿಡಿ. ಸಮವಸ್ತ್ರ, ಹೊದಿಕೆ ಪ್ಲಾಸ್ಟಿಕ್ ಚೀಲದಲ್ಲಿರಲಿ.

ಪ್ರಶ್ನೆ ಕೇಳಿದವರು: ಸುತ್ತ ಕಾಲುವೆ ತೋಡಬೇಕೆ?

ಉತ್ತರ: ಇಳಿಜಾರಿದ್ದರೆ ಮೇಲ್ಬದಿಗೆ ಮಾತ್ರ, 4 ಬೆರಳು ಆಳ ಸಾಕು. ಹೊರಡುವಾಗ ತಪ್ಪದೆ ಮುಚ್ಚಿಸಿ.