ಟ್ಯೂಬಿಂಗನ್‌ಗೆ ಒಂದು ದಿನ ಸಾಕು ಅಕ್ಕಾ

ಅಕ್ಕಾ, ಜರ್ಮನಿಯಲ್ಲಿ ಮಗಳ ಹತ್ರ ಸ್ಟುಟ್‌ಗಾರ್ಟ್‌ಗೆ ಹೋದಾಗ ಟ್ಯೂಬಿಂಗನ್ ನೋಡ್ಕೊಂಡು ಬರಬಹುದಾ, ಅಲ್ಲೇನಿದೆ ಅಂತ ಕೇಳಿದ್ರಲ್ಲ. ಖಂಡಿತ ಹೋಗಿ. ಕನ್ನಡದವರು ಬಿಡಬಾರದ ಊರು ಅದು. ನಮ್ಮ ಕಿಟ್ಟೆಲ್ 1894ರಲ್ಲಿ ನಿಘಂಟು ಕೊಟ್ಟರಲ್ಲ, ಅದಕ್ಕೆ 1896ರಲ್ಲಿ ಡಾಕ್ಟರೇಟ್ ಕೊಟ್ಟದ್ದು ಅಲ್ಲಿನ ವಿಶ್ವವಿದ್ಯಾಲಯ. 1903ರಲ್ಲಿ ಅವರು ತೀರಿಕೊಂಡದ್ದೂ ಅದೇ ಊರಲ್ಲಿ.

ಸೋಮವಾರ, ಮಂಗಳವಾರ ಮಾತ್ರ ಇಟ್ಕೋಬೇಡಿ, ಕೋಟೆ ಮ್ಯೂಸಿಯಂ ಮುಚ್ಚಿರುತ್ತೆ. ಸ್ಟುಟ್‌ಗಾರ್ಟ್‌ನಿಂದ ರೈಲಲ್ಲಿ ಒಂದು ಗಂಟೆಯೊಳಗೆ ದಾರಿ. ಬಾಡನ್-ವ್ಯೂರ್ಟೆಂಬರ್ಗ್ ಟಿಕೆಟ್ ಅಂತ ಆ ರಾಜ್ಯದ ದಿನದ ಟಿಕೆಟ್ ಇದೆ, ಎಷ್ಟು ಜನ ಅಂತ ಹೇಳಿ ತಗೊಂಡ್ರೆ ಐದು ಜನದವರೆಗೂ ಒಂದೇ ನಡೆಯುತ್ತೆ. ಆದ್ರೆ ವಾರದ ದಿನಗಳಲ್ಲಿ ಬೆಳಗ್ಗೆ 9ರ ಮುಂಚೆ ಹತ್ತಿದ್ರೆ ಅದು ಲೆಕ್ಕಕ್ಕಿಲ್ಲ, ದಂಡ ಬೀಳುತ್ತೆ.

ಇಳಿದವರೇ ನೇರ ಕೋಟೆ ಹತ್ತಿ. ಕೊನೆಗೆ ಇಟ್ಕೊಂಡ್ರೆ ಕಾಲೂ ಸೋತಿರುತ್ತೆ, ಬಾಗಿಲೂ ಹಾಕಿರುತ್ತೆ. ಅಲ್ಲಿನ ಮ್ಯೂಸಿಯಂನಲ್ಲಿ ಮ್ಯಾಮತ್ ಅನ್ನೋ ಹಿಮಯುಗದ ಆನೆಯ ದಂತದಲ್ಲಿ ಕೆತ್ತಿದ ಪುಟ್ಟ ಕುದುರೆ ಇದೆ, ಉದ್ದ 4.8 ಸೆಂಟಿಮೀಟರ್, ವಯಸ್ಸು 35 ಸಾವಿರ ವರ್ಷಕ್ಕೂ ಮೇಲೆ. ಕೋಟೆಯ ಹಳೇ ಅಡುಗೆಮನೆ 19ನೇ ಶತಮಾನದಲ್ಲಿ ಪ್ರಯೋಗಶಾಲೆಯಾಗಿತ್ತು. 1869ರಲ್ಲಿ ಮೀಷರ್ ಅನ್ನೋರು ಆಸ್ಪತ್ರೆಯ ಬ್ಯಾಂಡೇಜ್ ತೊಳೆದು, ಅದರ ಕೀವಿನಿಂದ ಇವತ್ತು ನಾವು ಡಿಎನ್ಎ ಅನ್ನೋದನ್ನ ಮೊದಲು ಬೇರ್ಪಡಿಸಿದ್ದು ಅಲ್ಲೇ.

ಇಳಿದು ಬಂದ್ರೆ ಮಾರ್ಕೆಟ್ ಚೌಕ. ಪುರಭವನದ ಮೇಲೆ 1511ರ ಗಡಿಯಾರ, ಅಮ್ಮನಿಗೆ ಅದನ್ನ ತೋರಿಸಲೇಬೇಕು. ಸೂರ್ಯ, ಚಂದ್ರರ ಮುಳ್ಳುಗಳ ಜೊತೆ ಡ್ರ್ಯಾಗನ್ ಆಕಾರದ್ದು ಇನ್ನೊಂದಿದೆ. ಅದರ ತಲೆ, ಬಾಲ ಬೇರೇನಲ್ಲ, ನಮ್ಮ ರಾಹು-ಕೇತುವೇ! ಸೂರ್ಯ, ಚಂದ್ರ ಎರಡೂ ಅದರ ಹತ್ರ ಬಂದಾಗ ಗ್ರಹಣ. ನಮ್ಮ ಪಂಚಾಂಗದ ಲೆಕ್ಕವೇ ಗೋಡೆ ಮೇಲೆ ತಿರುಗ್ತಿದೆ.

ಆಮೇಲೆ ನೆಕರ್ ನದಿ ದಡದ ಹಳದಿ ಗೋಪುರ. ಮನಸ್ಸು ಕದಡಿದ್ದ ಕವಿ ಹೋಲ್ಡರ್ಲಿನ್ ಅಲ್ಲಿ 36 ವರ್ಷ ಇದ್ದರು. ಅದೇ ಕಾಲದಲ್ಲಿ ಆ ಊರಲ್ಲಿ ದೇವತಾಶಾಸ್ತ್ರ ಓದುತ್ತಿದ್ದವರು, ಮುಂದೆ ಮಂಗಳೂರಿಗೆ ಬಂದ ಪಾದ್ರಿ ಮೋಗ್ಲಿಂಗ್. ಕವಿ ತೀರಿಕೊಂಡದ್ದು 1843ರ ಜೂನ್‌ನಲ್ಲಿ, ಇತ್ತ ಜುಲೈ 1ಕ್ಕೆ ಮೋಗ್ಲಿಂಗ್ ನಮ್ಮ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಇವರಿಗೂ 1858ರಲ್ಲಿ ಡಾಕ್ಟರೇಟ್ ಕೊಟ್ಟದ್ದು ಅದೇ ವಿಶ್ವವಿದ್ಯಾಲಯ. ಗೋಪುರದ ಒಳಗೆ ಹೋಗೋ ಮೊದಲು ಸೇತುವೆಯಿಂದ ನಡುಗಡ್ಡೆಗೆ ಇಳಿದು, ಮರಗಳ ಸಾಲಿನಿಂದ ಆಚೆ ದಡ ನೋಡಿ. ಫೋಟೋ ಅಲ್ಲಿಂದಲೇ ಚೆನ್ನಾಗಿ ಬರೋದು.

ಹಳೇ ಊರೆಲ್ಲ ಕಲ್ಲುಹಾಸಿನ ಇಳಿಜಾರು, ಮಳೆ ಬಂದ್ರೆ ಜಾರುತ್ತೆ. ಭಾವನಿಗೆ ಚಪ್ಪಲಿ ಬೇಡ, ಶೂ ಹಾಕಿಸಿ. ಭಾನುವಾರ ಅಂಗಡಿ ಇರಲ್ಲ, ಅಮ್ಮನಿಗೆ ಬುತ್ತಿ ಕಟ್ಕೊಂಡೇ ಹೋಗಿ.